ಉಬ್ಬಚ್ಚಿನ ಚಿಪ್‌ಬೋರ್ಡ್ ಅಲಂಕಾರದ ಚಳಿಗಾಲದ ಹಾಗೂ ಕ್ರಿಸ್‌ಮಸ್ ಕಾರ್ಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಹತ್ತಿರವಾದಂತೆ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕತ್ತರಿ ಹಿಡಿಯುವ ಮೊದಲೇ ಕೇಳುವಂಥವು ಮೊದಲಿಗೆ, ಹಲವು ಕಾರ್ಡು ಮಾಡಿದವರಿಗೆ ಹುಟ್ಟುವಂಥವು ಕೊನೆಗೆ ಇವೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಶುರು ಮಾಡುವವರಿಗೆ

ಚಿಪ್‌ಬೋರ್ಡ್ ಅಂದರೆ ಏನು? ಪುಸ್ತಕಕ್ಕೆ ಹಾಕುವ ರಟ್ಟೇ ತಾನೇ?

ಹೆಚ್ಚುಕಡಿಮೆ ಅದೇ. ಹಳೆಯ ಕಾಗದವನ್ನು ಅರೆದು, ಒತ್ತಿ ಮಾಡಿದ ಬೂದು ಅಥವಾ ಕಂದು ಬಣ್ಣದ ಗಟ್ಟಿ ರಟ್ಟು. ಸಾಮಾನು ತುಂಬುವ ಪೆಟ್ಟಿಗೆಯ ರಟ್ಟಿನಂತೆ ಇದರ ಒಳಗೆ ಅಲೆಅಲೆಯಾದ ಟೊಳ್ಳು ಇರುವುದಿಲ್ಲ. ಶುಭಾಶಯ ಪತ್ರಕ್ಕೆ 1ರಿಂದ 1.5 ಮಿಲಿಮೀಟರ್ ದಪ್ಪ ಸಾಕು. 2 ಮಿಲಿಮೀಟರಿನದು ಆಲ್ಬಮ್ಮಿನ ಹೊದಿಕೆಗೆ ಸರಿ. ಕೆಲವು ಪೊಟ್ಟಣಗಳ ಮೇಲೆ ದಪ್ಪವನ್ನು ಪಾಯಿಂಟ್ ಲೆಕ್ಕದಲ್ಲಿ ಬರೆದಿರುತ್ತಾರೆ. ಒಂದು ಪಾಯಿಂಟ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಹಾಗಾಗಿ 50 ಪಾಯಿಂಟ್ ಸುಮಾರು 1.27 ಮಿಲಿಮೀಟರ್ ಆಗುತ್ತದೆ. ಪೀಠೋಪಕರಣಕ್ಕೆ ಬಳಸುವ ಮರದ ಚೂರಿನ ಹಲಗೆಗೂ ಚಿಪ್‌ಬೋರ್ಡ್ ಎಂದೇ ಹೆಸರಿದೆ. ಅದು ಬೇರೆ ವಸ್ತು.

ಉಬ್ಬಚ್ಚಿನ ಚಿಪ್‌ಬೋರ್ಡ್ ಎಂದು ಒಬ್ಬೊಬ್ಬರು ಒಂದೊಂದನ್ನು ತೋರಿಸುತ್ತಾರೆ. ಯಾವುದು ಸರಿ?

ಮೂರು ಬಗೆ ಇವೆ, ಮೂರೂ ಸರಿ. ಕಾರ್ಖಾನೆಯಲ್ಲೇ ಅಚ್ಚಿನಿಂದ ಒತ್ತಿ ಎಲೆಯ ನರ, ಹಿಮಹರಳಿನ ಗೆರೆ, ಗಂಟೆಯ ಉಬ್ಬು ಎಲ್ಲವನ್ನೂ ಮೂಡಿಸಿದ ಸಿದ್ಧ ತುಂಡುಗಳು ಒಂದು ಬಗೆ. ಸಾದಾ ತುಂಡಿಗೆ ಶಾಯಿ ಒತ್ತಿ, ಎಂಬಾಸಿಂಗ್ ಪುಡಿ ಉದುರಿಸಿ, ಬಿಸಿಯಿಂದ ಕರಗಿಸಿ ಹೊಳೆಯುವ ಮೇಲ್ಮೈ ಬರಿಸುವುದು ಎರಡನೆಯದು. ಎಂಬಾಸಿಂಗ್ ಫೋಲ್ಡರಿನಲ್ಲಿ (ಉಬ್ಬುತಗ್ಗಿನ ವಿನ್ಯಾಸವಿರುವ, ಮಡಿಸುವ ಪ್ಲಾಸ್ಟಿಕ್ ಅಚ್ಚು) ತೆಳುವಾದ ಕಾಗದ ಒತ್ತಿ, ಅದನ್ನು ರಟ್ಟಿಗೆ ಅಂಟಿಸುವುದು ಮೂರನೆಯದು. ಹೊಸಬರು ಮೊದಲನೆಯದನ್ನು ಕೊಂಡು ಅದರ ಮೇಲೆ ಎರಡನೆಯ ವಿಧಾನವನ್ನು ಅಭ್ಯಾಸ ಮಾಡಲಿ. ಉಬ್ಬು ಆಗಲೇ ಇರುವುದರಿಂದ ಬಣ್ಣ ಮತ್ತು ಹೊಳಪಿನ ಕಡೆ ಮಾತ್ರ ಗಮನ ಕೊಟ್ಟರಾಯಿತು.

ಈ ಉಬ್ಬು ಅಲಂಕಾರವೆಲ್ಲ ಈಗಿನ ಫ್ಯಾಷನ್ ಅಲ್ಲವೇ?

ಅಲ್ಲ. ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು 1843ರದು. ಲಂಡನ್ನಿನಲ್ಲಿ ಹೆನ್ರಿ ಕೋಲ್ ಮಾಡಿಸಿದ್ದು, ಚಿತ್ರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಅವರದು. ಅಚ್ಚಾದ ಗೆರೆಗಳಿಗೆ ಬಣ್ಣ ತುಂಬಿದ್ದು ಕೈಯಿಂದ. 1875ರಲ್ಲಿ ಲೂಯಿ ಪ್ರ್ಯಾಂಗ್ ಬಾಸ್ಟನ್ನಿನ ತಮ್ಮ ಮುದ್ರಣಾಲಯದಿಂದ ಬಹುವರ್ಣದ ಕಾರ್ಡುಗಳನ್ನು ಅಮೆರಿಕದ ಮಾರುಕಟ್ಟೆಗೆ ತಂದರು. ಅದೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯ ಮುದ್ರಣಾಲಯಗಳು ಹೂವು, ದೇವದೂತ, ಸಾಂಟಾ ಚಿತ್ರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿ, ಉಬ್ಬು ಮೂಡಿಸಿ, ಆಕಾರಕ್ಕೆ ಕತ್ತರಿಸಿ ಹಾಳೆಗಟ್ಟಲೆ ಮಾರುತ್ತಿದ್ದವು. ಜನ ಅವನ್ನು ಬಿಡಿಸಿಕೊಂಡು ಕಾರ್ಡುಗಳಿಗೂ ಆಲ್ಬಮ್ಮುಗಳಿಗೂ ಅಂಟಿಸುತ್ತಿದ್ದರು. ಇಂದಿನ ಚಿಪ್‌ಬೋರ್ಡ್ ತುಂಡಿನ ಪೂರ್ವಜರು ಅವೇ.

ಪಟ್ಟಿ ನೋಡಿದರೆ ಅಂಗಡಿಯನ್ನೇ ತರಬೇಕು ಅನ್ನಿಸುತ್ತದೆ. ನಿಜವಾಗಿ ಏನೇನು ಬೇಕು?

ಗಟ್ಟಿ ಕಾರ್ಡ್‌ಸ್ಟಾಕ್ (ಕಾರ್ಡು ಮಾಡುವ ದಪ್ಪ ಕಾಗದ), ಕೆಲವು ಚಿಪ್‌ಬೋರ್ಡ್ ತುಂಡು, ನಿಧಾನವಾಗಿ ಒಣಗುವ ಪಿಗ್ಮೆಂಟ್ ಶಾಯಿಯ ಒಂದು ಪ್ಯಾಡ್, ಬಿಳಿ ಮತ್ತು ಬೆಳ್ಳಿ ಎಂಬಾಸಿಂಗ್ ಪುಡಿ, ಹೀಟ್ ಗನ್ (ಬಿಸಿ ಗಾಳಿ ಊದುವ ಸಾಧನ), ಬಿಳಿ ಅಂಟು, ಲೋಹದ ಸ್ಕೇಲು, ಹರಿತವಾದ ಕಟರ್, ತುಂಡನ್ನು ಹಿಡಿಯಲು ಚಿಮುಟ. ಡೈ ಎಂಬ ಲೋಹದ ಅಚ್ಚಿನಿಂದ ಆಕಾರ ಕತ್ತರಿಸುವ ಡೈ ಕಟಿಂಗ್ ಯಂತ್ರ, ಫೋಲ್ಡರುಗಳ ರಾಶಿ, ಹತ್ತು ಬಣ್ಣದ ಪುಡಿ ಎಲ್ಲ ಆಮೇಲೆ. ಹಣ ಉಳಿಸಬೇಕೆಂದರೆ ಪುಡಿಯ ಬಣ್ಣಗಳಲ್ಲಿ ಉಳಿಸಿ, ಶಾಯಿಯಲ್ಲಿ ಬೇಡ. ಬೇಗ ಒಣಗುವ ಸಾಮಾನ್ಯ ಶಾಯಿಗೆ ಪುಡಿ ಹಿಡಿಯುವುದಿಲ್ಲ.

ಹೀಟ್ ಗನ್ ಬದಲು ಹೇರ್ ಡ್ರೈಯರ್ ಆಗುವುದಿಲ್ಲವೇ?

ಆಗುವುದಿಲ್ಲ. ಡ್ರೈಯರಿನ ಗಾಳಿ ಜೋರು, ಕಾವು ಕಡಿಮೆ: ಕರಗುವ ಮೊದಲೇ ಪುಡಿ ಹಾರಿಹೋಗುತ್ತದೆ. ತೆಳು ಕಾಗದವಾದರೆ ಬಿಸಿ ಇಸ್ತ್ರಿಪೆಟ್ಟಿಗೆಯ ಮೇಲೆ ಹಿಡಿದು ಕೆಳಗಿನಿಂದ ಕರಗಿಸುವವರಿದ್ದಾರೆ. ಆದರೆ ರಟ್ಟು ದಪ್ಪವಾದ್ದರಿಂದ ಕಾವು ಮೇಲಿನವರೆಗೆ ಸಾಗುವುದಿಲ್ಲ.

ಯಾವ ಅಳತೆಯಲ್ಲಿ ಮಾಡಲಿ?

ಲಕೋಟೆಯಿಂದ ಶುರು ಮಾಡಿ, ಕಾರ್ಡು ಆಮೇಲೆ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಒಂದೊಂದು ಅರ್ಧವನ್ನೂ ಮಡಿಸಿದರೆ 105 × 148 ಮಿಲಿಮೀಟರಿನ ಎರಡು ಕಾರ್ಡು ಸಿಗುತ್ತವೆ. ಇವು 114 × 162 ಮಿಲಿಮೀಟರಿನ ಸಿ6 ಲಕೋಟೆಯಲ್ಲಿ ಕೂರುತ್ತವೆ. ಚಿಪ್‌ಬೋರ್ಡಿನ ಭಾರ ಹೊರಲು 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರಿನ ತೂಕ, ಗ್ರಾಂಗಳಲ್ಲಿ) ಕಾಗದ ಬೇಕು.

ಮಡಿಸಿದ ಕಡೆ ಬಿರುಕು ಬಿಟ್ಟು ಬಿಳಿ ನಾರು ಕಾಣುತ್ತದೆ. ಕಾಗದ ಕಳಪೆಯೇ?

ಕಾಗದವನ್ನು ದೂರುವ ಮೊದಲು ನಾರಿನ ದಿಕ್ಕು ನೋಡಿ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿದರೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ. ಆ ಬಾಗಿಗೆ ಸಮಾನಾಂತರವಾಗಿ ಮಡಿಕೆ ಬರಬೇಕು. ಮಡಿಸುವ ಮೊದಲು ಮೊಂಡು ತುದಿಯ ಸಾಧನದಿಂದ ಗೆರೆ ಒತ್ತಿ. ಒತ್ತಿದ ಬದಿಯಲ್ಲಿ ತಗ್ಗು, ಹಿಂದಿನ ಬದಿಯಲ್ಲಿ ಏರು ಮೂಡುತ್ತದೆ. ಆ ಏರು ಕಾರ್ಡಿನ ಒಳಬದಿಗೆ ಬರುವಂತೆ ಮಡಿಸಬೇಕು. ಬಹಳ ಮಂದಿ ತಗ್ಗಿನ ಕಡೆಗೆ ಮಡಿಸುತ್ತಾರೆ, ಆಗ ಹೊರಗಿನ ನಾರು ಹಿಗ್ಗಿ ಸೀಳುತ್ತದೆ.

## ಪುಡಿ, ಬಿಸಿ, ರಟ್ಟು

ಎಷ್ಟು ಜಾಗ್ರತೆ ಮಾಡಿದರೂ ಪುಡಿ ಬೇಡದ ಕಡೆಯೆಲ್ಲ ಅಂಟುತ್ತದೆ

ಬೆರಳಿನ ಎಣ್ಣೆ, ಒಣ ಹವೆಯ ಸ್ಥಿರ ವಿದ್ಯುತ್ತು ಇವೆರಡೇ ಕಾರಣ. ಶಾಯಿ ಒತ್ತುವ ಮೊದಲು ಕಾಗದದ ಮೇಲೆ ಟಾಲ್ಕಂ ಅಥವಾ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ತುಂಬಿದ ಪುಟ್ಟ ಬಟ್ಟೆಯ ಗಂಟನ್ನು ತಟ್ಟಿ. ಉದುರಿಸಿದ ಮೇಲೆ ಹಾಳೆಯ ಬೆನ್ನಿಗೆ ಬೆರಳಿಂದ ಒಮ್ಮೆ ಮೀಟಿ, ಉಳಿದ ಕಣಗಳನ್ನು ಒಣ ಕುಂಚದಿಂದ ತೆಗೆಯಿರಿ. ಇದೆಲ್ಲ ಬಿಸಿ ತಗಲುವ ಮೊದಲು ಆಗಬೇಕು, ಕರಗಿದ ಕಣವನ್ನು ಕೀಳಲು ಹೋದರೆ ಕಾಗದದ ಚರ್ಮವೇ ಎದ್ದು ಬರುತ್ತದೆ.

ಕಾರ್ಡ್‌ಸ್ಟಾಕ್ ಮೇಲೆ ಚೆನ್ನಾಗಿ ಬರುವ ಪುಡಿ ಚಿಪ್‌ಬೋರ್ಡ್ ಮೇಲೆ ಮಾತ್ರ ತೇಪೆ ತೇಪೆಯಾಗಿ ಹಿಡಿಯುವುದೇಕೆ?

ರಟ್ಟು ದಾಹಗೊಂಡ ವಸ್ತು, ಪುಡಿ ಬೀಳುವಷ್ಟರಲ್ಲಿ ಶಾಯಿಯನ್ನು ಕುಡಿದಿರುತ್ತದೆ. ಮೊದಲು ಬಿಳಿ ಗೆಸ್ಸೋ (ಬಣ್ಣಕ್ಕೆ ಮುನ್ನ ಬಳಿಯುವ ತಳಲೇಪ) ಅಥವಾ ಅಕ್ರಿಲಿಕ್ ಬಣ್ಣದ ತೆಳುವಾದ ಲೇಪ ಕೊಟ್ಟು ಪೂರ್ತಿ ಒಣಗಿಸಿ. ಒಣಗಿದ ಮೇಲೆ ಸಣ್ಣ ಕಣದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ, ಆಮೇಲೆ ಪಿಗ್ಮೆಂಟ್ ಪ್ಯಾಡನ್ನೇ ತುಂಡಿನ ಮೇಲೆ ತಟ್ಟುತ್ತಾ ಹೋಗಿ. ಲೇಪದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಪಾರದರ್ಶಕ ಪುಡಿಯಡಿ ಗಾಢ ನೀಲಿ ಇದ್ದರೆ ಚಳಿಗಾಲದ ಇರುಳಿನ ಆಳ ಬರುತ್ತದೆ, ಬಿಳಿ ಇದ್ದರೆ ಪಿಂಗಾಣಿಯ ನುಣುಪು.

ಬಿಸಿ ಮಾಡಿದ ಮೇಲೆ ಒಮ್ಮೆ ಮರಳಿನಂತೆ ಒರಟಾಗುತ್ತದೆ, ಇನ್ನೊಮ್ಮೆ ಎಣ್ಣೆ ಕಲೆಯಂತೆ ಮಂಕಾಗುತ್ತದೆ. ಸರಿಯಾದ ಹದ ಯಾವುದು?

ಈ ಕೆಲಸದ ಜೀವ ಇರುವುದೇ ಇಲ್ಲಿ. ಎಂಬಾಸಿಂಗ್ ಪುಡಿ ಎಂದರೆ ಬಿಸಿಗೆ ಕರಗಿ, ತಣಿದಾಗ ಗಟ್ಟಿಯಾಗುವ ರಾಳದ ಸಣ್ಣ ಕಣಗಳು. ಕಾವು ಸಾಲದಿದ್ದರೆ ಕಣಗಳು ಅರ್ಧ ಕರಗಿ ನಿಲ್ಲುತ್ತವೆ, ಅದೇ ನೀವು ಹೇಳುವ ಮರಳು. ಅತಿಯಾದರೆ ಕರಗಿದ ರಾಳ ಮೇಲೆ ನಿಲ್ಲದೆ ಕಾಗದದ ನಾರಿನೊಳಗೆ ಇಳಿಯುತ್ತದೆ. ಉಬ್ಬೂ ಹೋಗುತ್ತದೆ, ಹೊಳಪೂ ಹೋಗುತ್ತದೆ, ಎಣ್ಣೆ ಕಲೆ ಉಳಿಯುತ್ತದೆ. ಮೊದಲನೆಯದಕ್ಕೆ ಮತ್ತೆ ಬಿಸಿ ಕೊಡಬಹುದು. ಎರಡನೆಯದಾದರೆ ಮತ್ತೆ ಶಾಯಿ, ಮತ್ತೆ ಪುಡಿ.

ಗನ್ನನ್ನು ಬೇರೆ ಕಡೆ ತಿರುಗಿಸಿ ಹಿಡಿದು ಪೂರ್ತಿ ಕಾಯಲು ಬಿಡಿ, ಆಮೇಲೆ ಕೆಲಸದ ಮೇಲೆ ತನ್ನಿ. ತಣ್ಣನೆಯ ಗನ್ನಿನ ಮೊದಲ ಗಾಳಿ ಪುಡಿಯನ್ನು ಚದುರಿಸುತ್ತದೆ, ಜೊತೆಗೆ ನಿಧಾನವಾಗಿ ಕಾದ ರಟ್ಟು ಬಾಗುತ್ತದೆ. ನಾಲ್ಕೈದು ಸೆಂಟಿಮೀಟರ್ ದೂರ ಸಾಕು. ಒಂದು ಅಂಚಿನಿಂದ ಶುರು ಮಾಡಿ, ಬೆಳಕನ್ನು ಓರೆಯಾಗಿ ಬೀಳಿಸಿಕೊಂಡು ಮೇಲ್ಮೈಯನ್ನೇ ನೋಡುತ್ತಿರಿ. ಒರಟಾದ ಮಂಕು ಒಂದು ಕ್ಷಣದಲ್ಲಿ ಒದ್ದೆ ಹೊಳಪಾಗಿ ತಿರುಗುತ್ತದೆ. ಆ ತಿರುವು ಕಂಡ ಜಾಗದಲ್ಲಿ ಇನ್ನು ನಿಲ್ಲಬಾರದು, ಮುಂದಕ್ಕೆ ಸರಿಯಬೇಕು. ಗಡಿಯಾರ ನೋಡಿ ಸೆಕೆಂಡು ಎಣಿಸುವುದರಿಂದ ಉಪಯೋಗವಿಲ್ಲ. ಪುಡಿ, ಗನ್ನು, ರಟ್ಟಿನ ದಪ್ಪ ಬದಲಾದಂತೆ ಹೊತ್ತೂ ಬದಲಾಗುತ್ತದೆ. ಕಣ್ಣನ್ನು ನಂಬಿ.

ತುಂಡು ದೋಣಿಯಂತೆ ಬಾಗಿಹೋಯಿತು

ಒಂದೇ ಬದಿಗೆ ಬಣ್ಣ, ಒಂದೇ ಬದಿಗೆ ಬಿಸಿ ಬಿದ್ದರೆ ಎರಡು ಬದಿಯ ತೇವದಲ್ಲಿ ವ್ಯತ್ಯಾಸವಾಗುತ್ತದೆ, ರಟ್ಟು ಬಾಗುತ್ತದೆ. ಹಿಂಬದಿಗೂ ಒಂದು ಲೇಪ ಕೊಡಿ. ಈಗಾಗಲೇ ಬಾಗಿದ್ದರೆ, ಮೇಲಿನ ಪದರ ಪೂರ್ತಿ ಗಟ್ಟಿಯಾದ ಮೇಲೆ ಬೇಕಿಂಗ್ ಕಾಗದದ ನಡುವೆ ಇಟ್ಟು ಭಾರದ ಪುಸ್ತಕದಡಿ ಒಂದು ರಾತ್ರಿ ಬಿಡಿ.

ಗಾಜಿನಂಥ ದಪ್ಪ ಹೊಳಪು ಬರಿಸಲು ಎಷ್ಟು ಸಲ ಪುಡಿ ಹಾಕಬೇಕು?

ಎರಡರಿಂದ ಮೂರು ಸಲ. ದೊಡ್ಡ ಕಣದ ಪುಡಿಯೂ ಸಿಗುತ್ತದೆ, ಅದರಲ್ಲಿ ಬೇಗ ದಪ್ಪ ಬರುತ್ತದೆ. ಮೊದಲ ಪದರ ಇನ್ನೂ ಬಿಸಿಯಾಗಿ ಜಿಗುಟಾಗಿದ್ದಾಗಲೇ ಮುಂದಿನದನ್ನು ಉದುರಿಸಿದರೆ ಮತ್ತೆ ಶಾಯಿ ಬೇಕಿಲ್ಲ. ಕೊನೆಯ ಪದರ ಕರಗಿ ಒದ್ದೆಯಾಗಿ ಕಾಣುವಾಗ, ಪಿಗ್ಮೆಂಟ್ ಶಾಯಿ ಸವರಿದ ರಬ್ಬರ್ ಸ್ಟಾಂಪನ್ನು ಅದರ ಮೇಲೆ ಒತ್ತಿ ಹಾಗೆಯೇ ಬಿಡಿ. ಪೂರ್ತಿ ತಣಿದ ಮೇಲೆ ಎತ್ತಿದರೆ ಪೈನ್ ಎಲೆಯೋ ನಕ್ಷತ್ರವೋ ಆ ಗಾಜಿನೊಳಗೆ ಇಳಿದು ನಿಂತಿರುತ್ತದೆ. ಶಾಯಿ ಇಲ್ಲದೆ ಒತ್ತಿದರೆ ಸ್ಟಾಂಪು ಅಂಟಿಕೊಳ್ಳುತ್ತದೆ. ನನಗೆ ಈ ಕಲೆಯಲ್ಲಿ ಅತ್ಯಂತ ಖುಷಿ ಕೊಡುವ ಹಂತ ಇದು.

ಚಿಪ್‌ಬೋರ್ಡನ್ನೇ ಎಂಬಾಸಿಂಗ್ ಫೋಲ್ಡರಿನಲ್ಲಿ ಹಾಕಿ ಒತ್ತಬಹುದೇ?

ದಪ್ಪ ತುಂಡನ್ನು ಬೇಡ. ಉಬ್ಬು ಸರಿಯಾಗಿ ಮೂಡುವುದಿಲ್ಲ, ಫೋಲ್ಡರು ಸೀಳಬಹುದು, ಯಂತ್ರದ ಉರುಳೆಗೂ ಪೆಟ್ಟು. ತೆಳುವಾದ ಕಾರ್ಡ್‌ಸ್ಟಾಕಿಗೆ ತುಸು ನೀರು ಸಿಂಪಡಿಸಿ ನಾರು ಮೆದುವಾದ ಮೇಲೆ ಒತ್ತಿದರೆ ಆಳವಾದ ಉಬ್ಬು ಬರುತ್ತದೆ. ಒಣಗಿಸಿ, ಬೆನ್ನಿಗೆ ಅಂಟು ಹಚ್ಚಿ ರಟ್ಟಿಗೆ ಕೂರಿಸಿ, ಅಂಚನ್ನು ಕತ್ತರಿಸಿ. ಉಬ್ಬಿನ ತುದಿಗಳನ್ನಷ್ಟೇ ಸ್ಯಾಂಡ್‌ಪೇಪರಿನಿಂದ ತಾಗಿಸಿದರೆ ಒಳಗಿನ ಬಿಳಿ ಕಾಣಿಸಿ ಇಬ್ಬನಿ ಬಿದ್ದ ಹಾಗಾಗುತ್ತದೆ. ಒಳಗೆ ಬಿಳಿ ಇರುವ ಬಣ್ಣದ ಕಾಗದಕ್ಕೆ ಮಾತ್ರ ಈ ಉಪಾಯ ನಡೆಯುತ್ತದೆ.

ಸಿದ್ಧ ತುಂಡು ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಖಂಡಿತ. ಒಂದೇ ಆಕಾರವನ್ನು ಕಾರ್ಡ್‌ಸ್ಟಾಕಿನಲ್ಲಿ ಐದು ಸಲ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಒತ್ತಿಟ್ಟರೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ತುಂಡಾಗುತ್ತದೆ. ಸೂಕ್ಷ್ಮ ಆಕಾರಗಳಿಗೆ ಇದು ಕೊಂಡ ರಟ್ಟಿಗಿಂತ ಮೇಲು ಎಂದೇ ನನ್ನ ಅಭಿಪ್ರಾಯ, ಅಂಚು ಅಷ್ಟು ಚೊಕ್ಕಟವಾಗಿ ಬರುತ್ತದೆ. ದೊಡ್ಡ ಆಕಾರವಾದರೆ ತಿಂಡಿಯ ಪೊಟ್ಟಣದ ರಟ್ಟನ್ನು ಎರಡು ಮೂರು ಪದರ ಅಂಟಿಸಿ, ಒಣಗಿದ ಮೇಲೆ ಕಟರಿನಿಂದ ಕತ್ತರಿಸಿ. ಒಂದೇ ಏಟಿಗೆ ಒತ್ತಿ ಕೊಯ್ಯಬೇಡಿ. ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ತೆಳುವಾದ ಲೋಹದ ಡೈಗಳು ದಪ್ಪ ರಟ್ಟನ್ನು ಕತ್ತರಿಸಲಾರವು, ಅದಕ್ಕೆ ಉಕ್ಕಿನ ಅಲಗಿನ ದಪ್ಪ ಡೈಗಳೇ ಬೇಕು.

## ಹಿಮ, ಬಣ್ಣ, ಅಕ್ಷರ

ಬಿಳಿ ಬಳಿದರೂ ಹಿಮದಂತೆ ಕಾಣುವುದಿಲ್ಲ, ಸುಣ್ಣದಂತೆ ಕಾಣುತ್ತದೆ. ಏನು ಮಾಡಲಿ?

ಹಿಮವನ್ನು ಹಿಮ ಮಾಡುವುದು ಅದರ ನೆರಳು. ಬಯಲಿನ ಹಿಮದ ನೆರಳಿನಲ್ಲಿ ಆಕಾಶದ ನೀಲಿ ಬೆರೆತಿರುತ್ತದೆ. ಬಿಳಿ ತುಂಡಿನ ಕೆಳ ಅಂಚಿಗೆ, ಉಬ್ಬಿನ ಒಂದೇ ಬದಿಗೆ ತಿಳಿ ಬೂದುನೀಲಿ ಶಾಯಿಯನ್ನು ಸವರಿದರೆ ಸಾಕು, ಸುಣ್ಣ ಹಿಮವಾಗುತ್ತದೆ. ಬೆಳಕು ಎಡದಿಂದ ಬರುತ್ತಿದೆ ಎಂದು ತೀರ್ಮಾನಿಸಿದರೆ ಇಡೀ ಕಾರ್ಡಿನಲ್ಲಿ ಅದು ಎಡದಿಂದಲೇ ಬರಬೇಕು.

ಎಲ್ಲೆಲ್ಲಿ ಹಿಮ ಕೂರುತ್ತದೆ ಎಂಬುದನ್ನೂ ಯೋಚಿಸಿ. ಅದು ಮೇಲಿನಿಂದ ಬೀಳುವಂಥದು. ಕೊಂಬೆಯ ಬೆನ್ನ ಮೇಲೆ, ಮಾಡಿನ ಮೇಲೆ, ಬೇಲಿಯ ಗೂಟದ ತಲೆಯ ಮೇಲೆ ನಿಲ್ಲುತ್ತದೆ, ಕೊಂಬೆಯ ಅಡಿಯಲ್ಲಿ ನಿಲ್ಲುವುದಿಲ್ಲ. ಚಿಪ್‌ಬೋರ್ಡ್ ಮರವನ್ನು ಪೂರ್ತಿ ಬಿಳಿ ಮಾಡದೆ ಹಸಿರು ಬಳಿದು, ಕೊಂಬೆಗಳ ಮೇಲಂಚಿಗೆ ಮಾತ್ರ ಪಿಗ್ಮೆಂಟ್ ಶಾಯಿ ತಾಗಿಸಿ ಬಿಳಿ ಪುಡಿ ಕರಗಿಸಿ. ನೆಲದ ದಿಬ್ಬಕ್ಕೆ ಹೊಳಪು ಬೇಡ, ಅಲ್ಲಿ ಟೆಕ್ಸ್ಚರ್ ಪೇಸ್ಟನ್ನು (ಒಣಗಿದರೂ ಉಬ್ಬಾಗಿಯೇ ನಿಲ್ಲುವ ದಪ್ಪ ಲೇಪ) ಚಾಕುವಿನಿಂದ ಎಳೆದರೆ ಗಾಳಿ ಬೀಸಿದ ಗೆರೆಗಳೂ ಬರುತ್ತವೆ. ಮಿನುಗುಪುಡಿಯನ್ನು ಕೊನೆಗೆ, ಬೆಳಕು ಬೀಳುವ ಏರಿನ ಮೇಲಷ್ಟೇ ಹಾಕಿ.

ಹಿಮಹರಳಿಗೆ ಎಂಟು ತೋಳಿದ್ದರೆ ತಪ್ಪೇ? ನೋಡಲು ಚೆಂದವಾಗಿರುತ್ತದಲ್ಲ?

ನಕ್ಷತ್ರಕ್ಕೆ ಎಂಟು ಇರಲಿ, ಹಿಮಹರಳಿಗೆ ಆರೇ ಇರಲಿ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಷಡ್ಭುಜಾಕಾರದಲ್ಲಿ ಜೋಡಿಕೊಳ್ಳುವುದರಿಂದ ಹರಳಿಗೆ ಆರು ಬದಿ. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಕ್ಯಾಮೆರಾಕ್ಕೆ ಸೂಕ್ಷ್ಮದರ್ಶಕ ಜೋಡಿಸಿ ಒಂಟಿ ಹಿಮಹರಳಿನ ಚಿತ್ರ ತೆಗೆದರು, ಬದುಕಿನುದ್ದಕ್ಕೂ 5,000ಕ್ಕೂ ಹೆಚ್ಚು ತೆಗೆದರು. ನಿಮ್ಮದೇ ವಿನ್ಯಾಸ ಬರೆಯುವುದಿದ್ದರೆ ಆ ಚಿತ್ರಗಳಿಗಿಂತ ಒಳ್ಳೆಯ ಮಾದರಿ ಇಲ್ಲ. ಕಾಗದವನ್ನು ಆರು ಪಾಲಾಗಿ ಮಡಿಸಲು, ಅರ್ಧ ಮಡಿಸಿದ ಮೇಲೆ 60 ಡಿಗ್ರಿಯ ಮೂರು ಭಾಗ ಮಾಡಿಕೊಳ್ಳಿ.

ಕೆಂಪು, ಹಸಿರು, ಸಾಂಟಾ ಬಿಟ್ಟು ಬೇರೇನೂ ತೋಚುವುದಿಲ್ಲ

ಮೊದಲು ಇದು ಕ್ರಿಸ್‌ಮಸ್ ಕಾರ್ಡೋ ಚಳಿಗಾಲದ ಕಾರ್ಡೋ ಎಂದು ತೀರ್ಮಾನಿಸಿ. ಕ್ರಿಸ್‌ಮಸ್ಸಿಗಾದರೆ ಕ್ರಿಸ್ತನ ಜನನದ ದೃಶ್ಯ, ನಕ್ಷತ್ರ, ಗಂಟೆ, ಮೇಣದಬತ್ತಿ, ಹಾಲಿ ಎಂಬ ಗಿಡದ ಮುಳ್ಳಂಚಿನ ಎಲೆ ಇವೆ. ಮೆಕ್ಸಿಕೋ ಮೂಲದ ಪಾಯಿನ್‌ಸೆಟಿಯಾ ಚಿಪ್‌ಬೋರ್ಡಿಗೆ ಹೇಳಿ ಮಾಡಿಸಿದ ಗಿಡ. ಅದರ ಕೆಂಪು ದಳಗಳಂತೆ ಕಾಣುವವು ವಾಸ್ತವದಲ್ಲಿ ಎಲೆಗಳು, ಹಾಗಾಗಿ ನರಗಳ ಉಬ್ಬು ಸಹಜವಾಗಿ ಒಪ್ಪುತ್ತದೆ. ನಡುವಿನ ಪುಟ್ಟ ಹಳದಿ ಮೊಗ್ಗುಗಳಿಗೆ ಚಿನ್ನದ ಪುಡಿ ಹಾಕಿ. ಕೆಂಪೆದೆಯ ರಾಬಿನ್ ಹಕ್ಕಿಯೂ ಒಳ್ಳೆಯ ಆಯ್ಕೆ. ವಿಕ್ಟೋರಿಯಾ ಕಾಲದ ಬ್ರಿಟನ್ನಿನಲ್ಲಿ ಕೆಂಪು ಸಮವಸ್ತ್ರದ ಅಂಚೆಯವರನ್ನು ಜನ ರಾಬಿನ್ ಎಂದೇ ಕರೆಯುತ್ತಿದ್ದರು, ಕಾರ್ಡುಗಳ ಮೇಲೆ ಹಕ್ಕಿ ಬಂದು ಕುಳಿತದ್ದು ಹಾಗೆ.

ಚಳಿಗಾಲದ ಕಾರ್ಡಿಗೆ ಹಬ್ಬದ ಗುರುತು ಯಾವುದೂ ಬೇಡ. ಬೋಳು ಮರ, ಪೈನ್ ಕಾಯಿ, ಕೈಗವಸು, ಹಿಮಹರಳು ಸಾಕು. ಬೂದುನೀಲಿ, ಬೆಳ್ಳಿ, ಬಿಳಿ ಇಟ್ಟುಕೊಂಡರೆ ಜನವರಿ ಕಳೆದ ಮೇಲೂ ಕಳುಹಿಸಬಹುದು. ಬೆಳ್ಳಿ ಮತ್ತು ಚಿನ್ನವನ್ನು ಒಂದೇ ಕಾರ್ಡಿನಲ್ಲಿ ಬೆರೆಸಬೇಡಿ ಎನ್ನುವುದು ನನ್ನ ಬಿಗಿ ನಿಲುವು. ಎರಡೂ ಗಮನ ಬೇಡುತ್ತವೆ.

ಒಂದೊಂದು ತುಂಡೂ ಚೆನ್ನಾಗಿದೆ, ಜೋಡಿಸಿದರೆ ಮಾತ್ರ ಗಿಜಿಗಿಜಿ

ಉಬ್ಬು ಕಣ್ಣಿಗೆ ಬೀಳುವುದು ಅದರ ಸುತ್ತ ಸಮತಟ್ಟು ಇದ್ದಾಗ. ಹಿನ್ನೆಲೆಯೂ ಉಬ್ಬು, ಚೌಕಟ್ಟೂ ಉಬ್ಬು, ನಡುವಿನ ಚಿತ್ರವೂ ಉಬ್ಬು ಎಂದಾದರೆ ನೆರಳಿಗೆ ಬೀಳಲು ಜಾಗವೇ ಇಲ್ಲ. ಒಂದು ದೊಡ್ಡ ತುಂಡು, ಅದಕ್ಕೆ ಜೊತೆಯಾಗಿ ಎರಡು ಚಿಕ್ಕವು, ಉಳಿದದ್ದು ಖಾಲಿ. ಅಂಟಿಸುವ ಮೊದಲು ಅಂಟಿಲ್ಲದೆಯೇ ಜೋಡಿಸಿ ಮೊಬೈಲಿನಲ್ಲಿ ಚಿತ್ರ ತೆಗೆದು, ಬಣ್ಣ ತೆಗೆದು ಕಪ್ಪುಬಿಳುಪಾಗಿ ನೋಡಿ. ಮುಖ್ಯ ತುಂಡು ಆಗಲೂ ಎದ್ದು ಕಂಡರೆ ಅಂಟಿಸಿ. ಕಾಣದಿದ್ದರೆ ಏನನ್ನಾದರೂ ತೆಗೆಯಿರಿ.

ಸಿಗುವ ಚಿಪ್‌ಬೋರ್ಡ್ ಅಕ್ಷರಗಳೆಲ್ಲ ಇಂಗ್ಲಿಷ್. ಕನ್ನಡದಲ್ಲಿ ಶುಭಾಶಯ ಬರೆಯಲು ಏನು ಮಾಡಲಿ?

ಕತ್ತರಿಸಿಕೊಳ್ಳಬೇಕು, ಮತ್ತು ಅದು ಸಾಧ್ಯ. ತೊಡಕು ಎರಡು. ಒತ್ತಕ್ಷರ ಮುಖ್ಯ ಅಕ್ಷರದಿಂದ ಬೇರೆಯಾಗಿ ನಿಲ್ಲುತ್ತದೆ. ‘ಭಾ’ದಂಥವುಗಳ ಕೆಳಗಿನ ಗೀಟೂ ಕಳಚಿಕೊಳ್ಳಬಹುದು. ಅದಕ್ಕಾಗಿ ದಪ್ಪ ಅಕ್ಷರಶೈಲಿಯಲ್ಲಿ ಪದವನ್ನು ಅಚ್ಚು ಹಾಕಿ, ಸುತ್ತ 2 ಮಿಲಿಮೀಟರ್ ಬಿಟ್ಟು ಇಡೀ ಪದದ ಹೊರರೇಖೆಯನ್ನು ರಟ್ಟಿನಲ್ಲಿ ಕತ್ತರಿಸಿ. ಅದರ ಮೇಲೆ ಅಕ್ಷರಗಳನ್ನು ಕಾರ್ಡ್‌ಸ್ಟಾಕಿನಲ್ಲಿ ಕತ್ತರಿಸಿ ಅಂಟಿಸಿದರೆ ಒತ್ತು, ಕೊಂಬು, ದೀರ್ಘ ಎಲ್ಲ ತಮ್ಮ ಜಾಗದಲ್ಲೇ ಇರುತ್ತವೆ. ಕನ್ನಡದ ದುಂಡನೆಯ ತಿರುವುಗಳಲ್ಲಿ ಕಟರನ್ನು ತಿರುಗಿಸದೆ ರಟ್ಟನ್ನೇ ತಿರುಗಿಸಿ. ಕೈ ಅಷ್ಟು ಪಳಗಿಲ್ಲವೆಂದರೆ ಗಾಢ ಬಣ್ಣದ ಪಟ್ಟಿಯ ಮೇಲೆ ಎಂಬಾಸಿಂಗ್ ಪೆನ್ನಿನಿಂದ (ನಿಧಾನವಾಗಿ ಒಣಗುವ ಶಾಯಿಯ ಪೆನ್ನು) ‘ಕ್ರಿಸ್‌ಮಸ್ ಶುಭಾಶಯಗಳು’ ಎಂದು ಬರೆದು ಬಿಳಿ ಪುಡಿ ಕರಗಿಸಿ. ಕೈಬರಹದ ಆ ಉಬ್ಬು ಅಚ್ಚಿನ ಅಕ್ಷರಕ್ಕಿಂತ ಆತ್ಮೀಯ.

## ಜೋಡಣೆ, ಅಂಚೆ, ಮುಂದಿನ ಮಾತು

ಯಾವ ಅಂಟು ಹಾಕಿದರೂ ನಾಲ್ಕು ದಿನಕ್ಕೆ ಕಳಚುತ್ತದೆ

ಭಾರದ ತುಂಡಿಗೆ ಬಿಳಿ ಪಿವಿಎ ಅಂಟು ಒಳ್ಳೆಯದು. ತೆಳುವಾಗಿ, ಅಂಚಿನವರೆಗೂ ಹಚ್ಚಿ, ಒಣಗುವವರೆಗೆ ಮೇಲೆ ಭಾರ ಇಡಿ. ಎತ್ತರ ಬೇಕಾದಲ್ಲಿ ಎರಡೂ ಬದಿ ಅಂಟುವ ದಪ್ಪ ಫೋಮ್ ಟೇಪ್ ಹಾಕಬಹುದು, ಆದರೆ ಫೋಮ್ ಹಾಕಿದ ಮೇಲೆ ಹೀಟ್ ಗನ್ ಹತ್ತಿರ ತರಬಾರದು, ಕರಗುತ್ತದೆ. ಎಂಬಾಸಿಂಗ್ ಮಾಡಿದ ನುಣುಪಿನ ಮೇಲೆ ಇನ್ನೊಂದು ತುಂಡು ಕೂರಿಸುವುದಿದ್ದರೆ ಆ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಗೀಚಿ ಒರಟು ಮಾಡಿ.

ಕಾರ್ಡು ಮೇಜಿನ ಮೇಲೆ ನಿಲ್ಲುವುದಿಲ್ಲ, ಮುಗ್ಗರಿಸುತ್ತದೆ

ಭಾರ ಮೇಲೆ ಅಥವಾ ತೆರೆಯುವ ಅಂಚಿಗೆ ಬಿದ್ದಿದೆ. ತುಂಡನ್ನು ಕೆಳಗೆ, ಮಡಿಕೆಯ ಕಡೆಗೆ ಸರಿಸಿ. ಒಳಗೆ ಬರೆಯಲು ಅಂಟಿಸುವ ಹಾಳೆಯನ್ನು ಹಿಂದಿನ ಎಲೆಗೆ ಅಂಟಿಸಿದರೆ ಅದೂ ತುಸು ಸಮತೋಲ ಕೊಡುತ್ತದೆ.

ಅಂಚೆಯಲ್ಲಿ ಹೋದರೆ ಜಜ್ಜಿಹೋಗುವುದಿಲ್ಲವೇ?

ದಪ್ಪವನ್ನು ಮೊದಲೇ ಕೂಡಿ ನೋಡಿ. ಕಾರ್ಡಿನ ಎರಡು ಎಲೆ 0.8 ಮಿಲಿಮೀಟರ್, ಹಿನ್ನೆಲೆ ಹಾಳೆ 0.3, ರಟ್ಟು 1.5, ಫೋಮ್ 2, ಲಕೋಟೆ 0.3 ಎಂದರೆ ಒಟ್ಟು 4.9. ಬ್ರಿಟನ್ನಿನಲ್ಲಿ ಸಾಮಾನ್ಯ ಪತ್ರದ ಮಿತಿ 5 ಮಿಲಿಮೀಟರ್, ಅಮೆರಿಕದಲ್ಲಿ ಕಾಲು ಇಂಚು. ಅಲ್ಲಿ ಒಂದೆಡೆ ದಪ್ಪ ಇನ್ನೊಂದೆಡೆ ತೆಳುವಾದ ಪತ್ರಕ್ಕೆ ಹೆಚ್ಚುವರಿ ಶುಲ್ಕವೂ ಬೀಳಬಹುದು. ಅಂಚೆಗೆ ಹೋಗುವ ಕಾರ್ಡಿನಲ್ಲಿ ಫೋಮ್ ಬಿಟ್ಟುಬಿಡಿ, ರಟ್ಟಿನ ದಪ್ಪವೇ ಸಾಕಷ್ಟು ನೆರಳು ಕೊಡುತ್ತದೆ. ಉಬ್ಬಿನ ಮೇಲೆ ತೆಳು ಟಿಶ್ಯೂ ಹಾಳೆ, ಅದರ ಮುಂದೆ ಕಾರ್ಡಿನ ಅಳತೆಯ ಒಂದು ಗಟ್ಟಿ ಹಾಳೆ ಇಟ್ಟು ಲಕೋಟೆಗೆ ಹಾಕಿ. ತೂಗಿಸಿಯೇ ಅಂಚೆಚೀಟಿ ಹಚ್ಚಿ. ಚೀಟಿ ಸಾಲದ ಲಕೋಟೆಗೆ ದಂಡ ಕಟ್ಟುವ ಪಾಡು ಶುಭಾಶಯ ಪಡೆದವರಿಗೆ ಬರಬಾರದು.

ನಲವತ್ತು ಕಾರ್ಡು ಬೇಕು. ಎಲ್ಲವೂ ಒಂದೇ ಥರ ಬರುವಂತೆ ಮಾಡುವುದು ಹೇಗೆ?

ಒಂದು ಮಾದರಿಯನ್ನು ಪೂರ್ತಿ ಮುಗಿಸಿ, ಲಕೋಟೆಗೆ ಹಾಕಿ ತೆಗೆದು ನೋಡಿ. ತೃಪ್ತಿಯಾದರೆ ಒಂದೊಂದು ಹಂತವನ್ನು ನಲವತ್ತಕ್ಕೂ ಒಟ್ಟಿಗೆ ಮಾಡಿ: ಒಂದು ದಿನ ಕತ್ತರಿಸುವುದು ಮತ್ತು ಗೆಸ್ಸೋ, ಇನ್ನೊಂದು ದಿನ ಪುಡಿ, ಮತ್ತೊಂದು ದಿನ ಜೋಡಣೆ. ಕೆಲವು ತುಂಡು ಹೆಚ್ಚಾಗಿಯೇ ಮಾಡಿಟ್ಟುಕೊಳ್ಳಿ. ಜಾಗ ಗುರುತಿಸಲು ಕಾರ್ಡಿನಷ್ಟೇ ದೊಡ್ಡ ಹಾಳೆಯಲ್ಲಿ ತುಂಡಿನ ಆಕಾರ ಕತ್ತರಿಸಿ ತೆಗೆದು, ಆ ಕಿಂಡಿಯೊಳಗೆ ಅಂಟಿಸುತ್ತಾ ಹೋಗಿ. ಪ್ರತಿ ಕಾರ್ಡಿನ ಹೊಳಪಿನಲ್ಲಿ ಚೂರು ವ್ಯತ್ಯಾಸ ಬಂದೇ ಬರುತ್ತದೆ, ಅದನ್ನು ತಿದ್ದಲು ಹೋಗಬೇಡಿ.

ಮಕ್ಕಳನ್ನು ಸೇರಿಸಿಕೊಳ್ಳಬಹುದೇ?

ಬಣ್ಣ ಬಳಿಯಲು, ಪುಡಿ ಉದುರಿಸಲು, ಅಂಟಿಸಲು ಧಾರಾಳವಾಗಿ. ಹೀಟ್ ಗನ್ ಮತ್ತು ಕಟರ್ ದೊಡ್ಡವರ ಕೈಯಲ್ಲೇ ಇರಲಿ. ಗನ್ನಿನ ತುದಿ ಆರಿಸಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ಕೆಳಗೆ ಸೆರಾಮಿಕ್ ಹೆಂಚು ಇಟ್ಟು, ಕಿಟಕಿ ತೆರೆದು ಕೆಲಸ ಮಾಡಿ.

ಹಬ್ಬ ಮುಗಿದ ಮೇಲೆ ಈ ಕಾರ್ಡುಗಳನ್ನು ಹಳೆಯ ಕಾಗದಕ್ಕೆ ಹಾಕಬಹುದೇ?

ಸಾದಾ ರಟ್ಟು ಮತ್ತು ಕಾಗದವನ್ನು ಹಾಕಬಹುದು. ಮಿನುಗುಪುಡಿ, ಕರಗಿಸಿದ ರಾಳ, ಫೋಮ್ ಇರುವ ಭಾಗ ಮರುಬಳಕೆಗೆ ಹೋಗುವುದಿಲ್ಲ. ಮುಂಭಾಗವನ್ನು ಕತ್ತರಿಸಿಕೊಂಡು ಉಳಿದದ್ದನ್ನಷ್ಟೇ ಹಾಕಿ. ಕತ್ತರಿಸಿದ ಮುಂಭಾಗದ ತುಂಡಿಗೆ ತೂತು ಹಾಕಿ ದಾರ ಕಟ್ಟಿದರೆ ಮುಂದಿನ ವರ್ಷದ ಉಡುಗೊರೆಗೆ ಹೆಸರಿನ ಚೀಟಿಯಾಗುತ್ತದೆ. ಕಾರ್ಡನ್ನು ವರ್ಷಗಟ್ಟಲೆ ಇಡುವ ಉದ್ದೇಶವಿದ್ದರೆ, ಒಳಗೆ ಫೋಟೋ ಅಂಟಿಸುವುದಿದ್ದರೆ, ರಟ್ಟು ಮತ್ತು ಅಂಟು ಎರಡೂ ಆಮ್ಲರಹಿತ ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನೇ ಆರಿಸಿ. ಸಾಮಾನ್ಯ ಬೂದು ರಟ್ಟಿನ ಆಮ್ಲ ಕಾಲಕ್ರಮೇಣ ಪಕ್ಕದ ಕಾಗದವನ್ನು ಹಳದಿಗೆ ತಿರುಗಿಸುತ್ತದೆ.